ಹೊಲದ ನಡುವೆ ನಾನು ಎಳೆದ ಗೆರೆ

ನನಗೆ ಗಣಿತ ತಲೆಗೆ ಹೋಗುವುದು ಕಣ್ಣಿನ ದಾರಿಯಿಂದಲೇ, ಕಿವಿಯಿಂದಲ್ಲ. ಚಿಕ್ಕವಳಿದ್ದಾಗ ಏಳೆಂಟಲೆ ಎಷ್ಟು ಎಂದು ಯಾರಾದರೂ ಕೇಳಿದರೆ ಬಾಯಿ ಕಟ್ಟಿಹೋಗುತ್ತಿತ್ತು. ಅಂಗಳದಲ್ಲಿ ಕೂತು ಹುಣಸೆಬೀಜಗಳನ್ನು ಏಳೇಳರಂತೆ ಎಂಟು ಸಾಲು ಜೋಡಿಸಿ ನೋಡಿದ ಮೇಲೆ ಮಾತ್ರ ಐವತ್ತಾರು ಅನ್ನುವುದು ಸುಳ್ಳಲ್ಲ ಎಂದು ನಂಬಿಕೆ ಬರುತ್ತಿತ್ತು. ಇಂಥವಳು ದೊಡ್ಡವಳಾಗಿ ಸರಕಾರಿ ಶಾಲೆಯ ಗಣಿತದ ಟೀಚರ್ ಆದಾಗ ನಮ್ಮ ಮನೆಯವರೇ ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ. ಗಣಿತ ಕಬ್ಬಿಣದ ಕಡಲೆ ಅನ್ನುವವರ ಹಲ್ಲುನೋವು ನನಗೆ ಗೊತ್ತಿದ್ದಷ್ಟು ಅವರಿಗೆ ಗೊತ್ತಿರಲಿಲ್ಲ.

ಆ ಹಲ್ಲುನೋವಿಗೆ ನಾನು ಕಂಡುಕೊಂಡ ಮದ್ದು ಚಿತ್ರ. ಪಾಠಕ್ಕೊಂದು ಹಾಳೆ ತಯಾರಿಸುತ್ತೇನೆ. ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ತೆಗೆದು, ಸ್ಕೆಚ್ ಪೆನ್ನಿನಿಂದ ತಿದ್ದಿ, ಬಣ್ಣ ತುಂಬಿ, ಮೂಲೆಯಲ್ಲಿ ಎರಡೇ ಎರಡು ಸಾಲು ಬರಹ. ಋಣ ಸಂಖ್ಯೆಗೆ ಮೆಟ್ಟಿಲಿರುವ ಬಾವಿ: ನೀರಿನ ಮಟ್ಟ ಸೊನ್ನೆ, ಮೇಲಿನ ಮೆಟ್ಟಿಲುಗಳು ಒಂದು, ಎರಡು, ಮೂರು, ನೀರಿನೊಳಗೆ ಮುಳುಗಿದವು ಋಣ ಒಂದು, ಋಣ ಎರಡು. ಕೋನಕ್ಕೆ ಅರೆ ತೆರೆದ ಬಾಗಿಲು. ಸಮೀಕರಣಕ್ಕೆ ತಕ್ಕಡಿ. ಅದನ್ನು ಝೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚುತ್ತೇನೆ. ಝೆರಾಕ್ಸಿನಲ್ಲಿ ಬಣ್ಣವೆಲ್ಲ ಹೋಗಿ ಬೂದಿ ಬಳಿದಂತೆ ಬರುತ್ತದೆ, ಆದರೂ ಮಕ್ಕಳು ಅದನ್ನು ಪುಸ್ತಕದ ನಡುವೆ ಇಟ್ಟುಕೊಂಡು ಮನೆಗೆ ಒಯ್ಯುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಚಿತ್ರದ ಹಾಳಿ. ಬೆಳಿಗ್ಗೆ ಗೇಟಿನಲ್ಲೇ ಸುತ್ತುಗಟ್ಟಿ ಕೇಳುತ್ತಾರೆ, "ಟೀಚರ, ಇವತ್ತ ಹಾಳಿ ಕೊಡ್ತೀರೇನ್ರಿ?" ಆ ಮಾತು ಕೇಳಿ ನಾನು ಎಷ್ಟು ಉಬ್ಬಿದ್ದೆನೆಂದರೆ, ನನ್ನ ಹಾಳೆಯಲ್ಲಿ ತಪ್ಪಿರಬಹುದು ಅನ್ನುವ ಯೋಚನೆ ನನ್ನ ಹತ್ತಿರ ಸುಳಿದೇ ಇರಲಿಲ್ಲ.

ಒಂಬತ್ತು ವರ್ಷ ಕಲಘಟಗಿ ಕಡೆಯ ಶಾಲೆಯಲ್ಲಿದ್ದೆ. ನನ್ನ ತವರೂ ಅದೇ ಕಡೆ. ಕೆಂಪು ಮಣ್ಣು, ಭತ್ತದ ಗದ್ದೆ, ಒಂದು ಗದ್ದೆಗೂ ಇನ್ನೊಂದಕ್ಕೂ ನಡುವೆ ಬದು. ಅಲ್ಲಿಂದ ವರ್ಗವಾಗಿ ಹೋದ ವರ್ಷ ಶಾಲೆ ಸುರುವಾಗುವ ಹೊತ್ತಿಗೆ ಕುಂದಗೋಳ ತಾಲೂಕಿಗೆ ಬಂದೆ. ಯರಗುಪ್ಪಿ ದಾರಿಯಲ್ಲಿ ಬಸ್ಸಿಳಿದು ಒಂದೂವರೆ ಕಿಲೋಮೀಟರ್ ಹೊಲದ ದಾರಿ ನಡೆದರೆ ನನ್ನ ಹೊಸ ಶಾಲೆ, ಒಂದರಿಂದ ಏಳರವರೆಗೆ. ಮಳೆ ಬಿತ್ತೆಂದರೆ ಆ ದಾರಿಯ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಎರಡೆರಡು ಸೇರು ತೂಕವಾಗುತ್ತದೆ. ಹಾಗಾಗಿ ಆ ಮಳೆಗಾಲವೆಲ್ಲ ನಾನು ನೋಡಿದ್ದು ನನ್ನ ಕಾಲನ್ನು. ಅಕ್ಕಪಕ್ಕದ ಹೊಲ ನನ್ನ ಕಣ್ಣಿಗೆ ಬರೀ ಹಸಿರು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನನ್ನದೂ ಅದೇ ಕತೆ. ಏಳನೆಯ ತರಗತಿಗೆ ಭಿನ್ನರಾಶಿ ಸುರು ಮಾಡುವಾಗ ಹಳೆಯ ಹಾಳೆ ಬೇಡ, ಈ ಊರಿಗೆ ಹೊಂದುವಂಥದ್ದೇ ಬೇಕು ಅನ್ನಿಸಿತು. ತರಬೇತಿಯಲ್ಲೂ ಹೇಳುತ್ತಲೇ ಇರುತ್ತಾರೆ, ಮಕ್ಕಳ ಪರಿಸರವನ್ನೇ ಬಳಸಿ ಎಂದು. ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಹೆಣ್ಣುಮಗಳು ಅದೇ ಊರಿನವಳು, ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಅವಳನ್ನು ಕೇಳಿದೆ.

"ನಿಮ್ಮೂರಾಗ ಏನೇನ ಬೆಳೀತೀರಬೇ?"

"ಏನೈತ್ರಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ."

"ಮೂರೂ?"

"ಮೂರೂನ್ರಿ ಅಕ್ಕೋರ."

ನನಗೆ ಅಷ್ಟೇ ಸಾಕಾಯಿತು. ಆ ರವಿವಾರ ಇಡೀ ಕೂತು ಹಾಳೆ ಮಾಡಿದೆ. ಆಯತಾಕಾರದ ಹೊಲ, ಬದುವಿನ ಮೇಲೆ ಬೇವಿನ ಮರ, ಮರದ ಮೇಲೆ ಎರಡು ಕಾಗೆ. ಕೆಳಗೆ ಲೆಕ್ಕ: ಒಬ್ಬ ರೈತ ತನ್ನ ಹೊಲದ ಅರ್ಧ ಭಾಗದಲ್ಲಿ ಉಳ್ಳಾಗಡ್ಡಿ, ಮೂರನೇ ಒಂದು ಭಾಗದಲ್ಲಿ ಮೆಣಸಿನಕಾಯಿ, ಉಳಿದ ಭಾಗದಲ್ಲಿ ಹತ್ತಿ ಬೆಳೆದಿದ್ದಾನೆ. ಹತ್ತಿ ಎಷ್ಟು ಭಾಗ? ಹೊಲವನ್ನು ಖಾಲಿ ಬಿಟ್ಟಿದ್ದೆ. ಮಕ್ಕಳೇ ಗೆರೆ ಎಳೆದು ಭಾಗ ಮಾಡಿ, ಬೆಳೆ ಬರೆದು, ಆರನೇ ಒಂದು ಎಂಬ ಉತ್ತರಕ್ಕೆ ತಾವೇ ಬಂದು ಮುಟ್ಟಬೇಕು ಎಂಬುದು ನನ್ನ ಆಸೆ.

ತರಗತಿಯಲ್ಲಿ ಇಪ್ಪತ್ತಮೂರು ಮಕ್ಕಳು. ಹಾಳೆ ವಾಪಸು ಬಂದಾಗ ಹದಿನಾರರಲ್ಲಿ ಗೆರೆಯೇ ಇರಲಿಲ್ಲ. ಹೊಲದ ತುಂಬ ದುಂಡಗಿನ ಗಡ್ಡೆ, ನಡುನಡುವೆ ಗಿಡ, ಅಲ್ಲೊಂದು ಇಲ್ಲೊಂದು ಹೂವು, ಎಲ್ಲ ಕಲಸುಮೇಲೋಗರ. ಒಬ್ಬಿಬ್ಬರಾದರೆ ತಿಳಿದಿಲ್ಲ ಅನ್ನಬಹುದು. ಹದಿನಾರು ಮಂದಿ ಒಂದೇ ತಪ್ಪು ಮಾಡಿದರೆ? ಹೊಸ ಟೀಚರ್ ಎಂದು ಆಟ ಆಡಿಸುತ್ತಿದ್ದಾರೆ ಅನ್ನಿಸಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಚೆನ್ನಾಗಿ ಬೈದೆ. ಹಲಗೆಯ ಮೇಲೆ ಹೊಲ ಬರೆದು, ನಡುವೆ ದಪ್ಪ ಗೆರೆ ಎಳೆದು, ಇದು ಉಳ್ಳಾಗಡ್ಡಿಯ ಜಾಗ, ಇದು ಮೆಣಸಿನಕಾಯಿಯ ಜಾಗ, ಉಳಿದದ್ದು ಹತ್ತಿಗೆ ಎಂದು ತೋರಿಸಿದೆ. ಮರುದಿನ ಹೆಚ್ಚುಕಡಿಮೆ ಎಲ್ಲರೂ ಗೆರೆ ಎಳೆದು ತಂದರು. ಪಾಠ ತಿಳಿಯಿತು ಎಂದು ನಾನು ನಂಬಿದೆ.

ಗೆರೆ ಎಳೆಯದೆ ತಂದವಳು ಒಬ್ಬಳೇ. ಕಿಟಕಿಯ ಬಾಜು ಎರಡನೆಯ ಸಾಲಿನಲ್ಲಿ ಕೂರುವ ತೆಳ್ಳನೆಯ ಹುಡುಗಿ. ದಡ್ಡಿಯಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ರೊಟ್ಟಿಯಲ್ಲಿ ಅರ್ಧ ನೀನು ತಿಂದು ಕಾಲುಭಾಗ ತಂಗಿಗೆ ಕೊಟ್ಟರೆ ಎಷ್ಟು ಉಳಿಯಿತು ಎಂದು ಕೇಳಿದರೆ ನನ್ನ ಮಾತು ಮುಗಿಯುವ ಮೊದಲೇ "ಕಾಲ್ರಿ" ಅನ್ನುತ್ತಿದ್ದಳು. ರೊಟ್ಟಿಯಲ್ಲಿ ಬಂದದ್ದು ಹೊಲದಲ್ಲಿ ಯಾಕೆ ಬರುವುದಿಲ್ಲ? ಹಾಳೆ ಬದಲಿಸಿದೆ. ಈ ಸಲ ಹೊಲದೊಳಗೆ ನಾನೇ ಚುಕ್ಕೆಗೆರೆ ಹಾಕಿಕೊಟ್ಟೆ. ಅವಳು ಚುಕ್ಕೆಗೆರೆಯ ಮೇಲೆಯೇ ಹಾಯ್ದು ಮೂರೂ ಬೆಳೆ ಬರೆದು ತಂದಳು. ಮತ್ತೆ ಬದಲಿಸಿ, ಹೊಲವನ್ನು ಆರು ಮನೆ ಮಾಡಿ ಕೊಟ್ಟೆ. ಮೂರು ಮನೆಗೆ ಒಂದು ಬಣ್ಣ, ಎರಡಕ್ಕೆ ಇನ್ನೊಂದು, ಉಳಿದ ಒಂದು ಮನೆ ಹತ್ತಿಗೆ. ಅಂಗೈ ಮೇಲಿನ ನೆಲ್ಲಿಕಾಯಿ ಅನ್ನುವಷ್ಟು ಸುಲಭ. ಅವಳು ಆರೂ ಮನೆಯಲ್ಲಿ ಒಂದೊಂದು ಗಡ್ಡೆ, ಒಂದೊಂದು ಗಿಡ, ಒಂದೊಂದು ಹತ್ತಿಹೂವು ಬರೆದಳು. ಪ್ರತಿ ಹಾಳೆಯ ಕೆಳಗೂ ಒಂದೇ ಉತ್ತರ, ದುಂಡು ಅಕ್ಷರದಲ್ಲಿ: ಹತ್ತಿ, ಇಡೀ ಹೊಲ. ಪ್ರತಿ ಹಾಳೆಗೂ ನಾನು ಕೆಂಪು ಪೆನ್ನಿನಿಂದ ಸೊನ್ನೆ ಸುತ್ತಿದೆ.

ನಾಲ್ಕನೆಯ ಹಾಳೆ ಬಂದ ದಿನ ನನ್ನ ತಾಳ್ಮೆ ಮುಗಿಯಿತು. ಅವಳನ್ನು ಎದ್ದು ನಿಲ್ಲಿಸಿದೆ.

"ಹೊಲದಾಗ ಗೆರಿ ಹಾಕವಾ ಅಂದ್ರ ಯಾಕ ಹಾಕವಲ್ಲಿ?"

"ಒಡ್ಡ ಸುತ್ತ ಇರ್ತೈತ್ರಿ ಟೀಚರ," ಅಂದಳು, ಬದುವನ್ನೇ ಒಡ್ಡು ಎನ್ನುತ್ತ. "ನಡಬರಕ ಎಲ್ಲಿ ಇರ್ತೈತ್ರಿ?"

ತರಗತಿ ಗೊಳ್ಳೆಂದು ನಕ್ಕಿತು. ಅವಳನ್ನು ನೋಡಿ ನಗುತ್ತಿದ್ದಾರೆ ಎಂದುಕೊಂಡೆ. ನನ್ನನ್ನು ನೋಡಿ ನಕ್ಕರೋ ಏನೋ, ಇವತ್ತಿಗೂ ಗೊತ್ತಿಲ್ಲ. "ಎದುರು ಮಾತಾಡೂದು ಚಲೋ ಕಲ್ತೀದಿ" ಎಂದು ಗದರಿ ಕೂರಿಸಿದೆ.

ಅದೇ ದಿನ ಮಧ್ಯಾಹ್ನ ಅವಳ ತಾಯಿ ಶಾಲೆಗೆ ಬಂದಳು. ಕಳೆ ತೆಗೆಯಲು ಹೋಗುವ ದಾರಿಯಲ್ಲಿ ಬಂದಿದ್ದಳು. ಕೈಯಲ್ಲಿ ಕಳೆ ಕೀಳುವ ಕುರ್ಚಿಗಿ, ಸೆರಗು ಬಿಗಿದು ಕಟ್ಟಿತ್ತು. ಒಳಗೆ ಬನ್ನಿ ಅಂದರೂ ಬರದೆ ವರಾಂಡದಲ್ಲೇ ನಿಂತಳು.

"ಅಕ್ಕೋರ, ಒಂದ ಮಾತ ಕೇಳಬೇಕಿತ್ರಿ. ನಮ್ಮ ದೊಡ್ಡಾಕಿ ಹತ್ತನೇತ್ತದಾಗ ಗಣಿತ ಒಂದರಾಗ ಕೂತ್ಲು. ಮೂರ ಸಲ ಕಟ್ಟಿದ್ಲು, ಮೂರೂ ಸಲ ಹೋತು. ಈಗ ಮನ್ಯಾಗ ಅದಾಳ. ಈಕೀನ್ನ ಎಂಟನೇತ್ತಕ್ಕ ಕಳಸಬೇಕಂದ್ರ ದಿನಾ ಬಸ್ಸಿಗೆ ಕುಂದಗೋಳಕ್ಕ ಹೋಗಿ ಬರಬೇಕು. ಇವರಪ್ಪ ಅಂತಾನ, ಲೆಕ್ಕ ತಲಿಗೆ ಹತ್ತತಿದ್ರ ಕಳಸೂಣು, ಇಲ್ಲಂದ್ರ ಏಳನೇತ್ತಕ್ಕ ಸಾಕು ಅಂತ. ನಮಗೇನ ತಿಳೀತೈತ್ರಿ? ನೀವ ಹೇಳ್ರಿ. ನೀವ ಹೇಳಿದ್ರ ಮುಗೀತು."

ಇಷ್ಟು ದೊಡ್ಡ ಮಾತನ್ನು ಅವಳು ನನ್ನ ತಲೆಯ ಮೇಲೆ ಹೊರಿಸಿದಳು. ಯೋಚಿಸಿ ಹೇಳುತ್ತೇನೆ ಅನ್ನಬಹುದಿತ್ತು. ಪರೀಕ್ಷೆ ಆಗಲಿ ಅನ್ನಬಹುದಿತ್ತು. ಆದರೆ ಕೈಯಲ್ಲಿ ಆ ನಾಲ್ಕನೆಯ ಹಾಳೆ ಇನ್ನೂ ಇತ್ತು, ಎದೆಯಲ್ಲಿ ಬೆಳಗಿನ ಸಿಟ್ಟೂ ಇತ್ತು.

"ಕನ್ನಡಾ ಚಲೋ ಓದತಾಳ್ರಿ," ಅಂದೆ. "ಗಣಿತ ಮಾತ್ರ... ಗಣಿತ ಆಕಿ ತಲಿಗೆ ಹತ್ತಂಗಿಲ್ಲ ಅನಸ್ತೈತ್ರಿ."

"ಹೌದ್ರೀ?" ಅಂದಳು. "ಆತ ಬಿಡ್ರಿ." ಕುರ್ಚಿಗಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೊರಟುಹೋದಳು.

ಅವಳು ಗೇಟು ದಾಟುವವರೆಗೂ ನಾನು ನೋಡುತ್ತಲೇ ನಿಂತೆ. ಏನೋ ಸರಿಯಿಲ್ಲ ಅನ್ನಿಸಿತು. ರೊಟ್ಟಿಯ ಲೆಕ್ಕಕ್ಕೆ ನನಗಿಂತ ಮೊದಲು ಉತ್ತರ ಕೊಡುವ ಹುಡುಗಿಗೆ ಗಣಿತ ಬರುವುದಿಲ್ಲ ಎಂದು ಯಾವ ಬಾಯಿಂದ ಹೇಳಿದೆ? ಆದರೆ ಬರುತ್ತದೆ ಅನ್ನೋಣ ಎಂದರೆ ನಾಲ್ಕು ಹಾಳೆಗಳಲ್ಲಿ ನಾಲ್ಕು ಸೊನ್ನೆ. ಮನೆಗೆ ಬಂದು ನಾಲ್ಕನ್ನೂ ಮುಂದೆ ಹರಡಿಕೊಂಡು ಕೂತೆ. ಎಷ್ಟು ನೋಡಿದರೂ ನನಗೆ ಕಂಡದ್ದು ಗೆರೆ ಇಲ್ಲದ ಒಂದು ಹೊಲ, ಅಷ್ಟೇ. ಕಪಾಟಿನಲ್ಲಿ ಇಟ್ಟುಬಿಟ್ಟೆ. ಹೆಣ್ಣುಮಗುವೊಂದರ ಎಂಟನೆಯ ತರಗತಿ ನನ್ನ ಒಂದು ಮಾತಿನ ಮೇಲೆ ನಿಂತಿದೆ ಅನ್ನುವುದು ಮಾತ್ರ ಕಪಾಟಿನಲ್ಲಿ ಹೋಗಿ ಕೂರಲಿಲ್ಲ. ಊಟಕ್ಕೆ ಕೂತರೂ ಅದೇ, ಬಸ್ಸಿನಲ್ಲಿ ಕೂತರೂ ಅದೇ.

ಕೆಲವು ವಾರಗಳ ನಂತರ ಅವಳು ಒಮ್ಮೆಲೇ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಏಳನೆಯದೂ ಮುಗಿಸದೆ ಈಗಲೇ ಬಿಡಿಸಿಬಿಟ್ಟರೇ? ಹೆಡ್ ಮಾಸ್ತರರು ಹೋಗಿ ನೋಡಿಕೊಂಡು ಬನ್ನಿ ಅಂದರು. ಅಡುಗೆಯ ಹೆಣ್ಣುಮಗಳ ಮನೆ ಆ ಹುಡುಗಿಯ ಮನೆಯ ಬಾಜೂಕೇ ಇತ್ತು.

"ಬಿಡಿಸಿಲ್ರೀ ಅಕ್ಕೋರ," ಅಂದಳು. "ಉಳ್ಳಾಗಡ್ಡಿ ಕೀಳಾಕತ್ತಾರ. ಹೊಲದಾಗ ಅದಾಳ. ನಡೀರಿ, ಹೋಗೂಣು, ನಾನೂ ಬರ್ತೀನಿ."

ಮಳೆ ಬಿಟ್ಟು ನಾಲ್ಕೈದು ದಿನವಾಗಿತ್ತು, ನೆಲ ಕಾಲು ಹಿಡಿಯುತ್ತಿರಲಿಲ್ಲ. ಬದು ದಾಟಿ ಹೊಲಕ್ಕೆ ಇಳಿದೆ. ಐದಾರು ಹೆಂಗಸರು ಕುಕ್ಕರುಗಾಲಲ್ಲಿ ಕೂತು ಉಳ್ಳಾಗಡ್ಡಿ ಕಿತ್ತು ಗುಪ್ಪೆ ಹಾಕುತ್ತಿದ್ದರು. ಅವರತ್ತ ನೇರ ಹೆಜ್ಜೆ ಹಾಕಿದ್ದೇ ತಡ, ಹಿಂದಿನಿಂದ ಅಡುಗೆಯವಳ ಕೂಗು ಬಂತು.

"ನೋಡಿ ಕಾಲ ಇಡ್ರೀ ಅಕ್ಕೋರ! ಹತ್ತಿ ತುಳದೀರಿ!"

ಕಾಲು ಎತ್ತಿ ನೋಡಿದರೆ ಕೆಳಗೆ ಹತ್ತಿಯ ಗಿಡ. ಪಕ್ಕಕ್ಕೆ ಸರಿದರೆ ಮೆಣಸಿನ ಗಿಡ. ಒಂಟಿಕಾಲಲ್ಲಿ ಕೊಕ್ಕರೆಯ ಹಾಗೆ ನಿಂತು ಕೇಳಿದೆ, "ಉಳ್ಳಾಗಡ್ಡಿ ಹೊಲ ಅಂದ್ರೆಲ್ಲ?"

"ಹೌದ್ರಿ, ಇದ."

"ಮತ್ತ ಈ ಮೆಣಸಿನ ಗಿಡ?"

"ಮೆಣಸಿನಕಾಯಿ ಹೊಲಾನೂ ಇದನ್ರಿ."

ಅಷ್ಟರಲ್ಲಿ ಹುಡುಗಿಯ ತಾಯಿ ಎದ್ದು ಬಂದಳು. ನನ್ನ ತಲೆಯಲ್ಲಿ ಏನೋ ಗಿರಗಿರ ತಿರುಗುತ್ತಿತ್ತು. ಅವಳು ಕುಶಲ ಕೇಳುವ ಮೊದಲೇ ನಾನು ಲೆಕ್ಕ ಕೇಳಿದೆ.

"ಉಳ್ಳಾಗಡ್ಡಿ ಎಷ್ಟ ಹಾಕೀರಿ?"

"ಎರಡ ಎಕರೆ."

"ಮೆಣಸಿನಕಾಯಿ?"

"ಎರಡ ಎಕರೆ."

"ಹತ್ತಿ?"

"ಅದೂ ಎರಡ ಎಕರೆನ್ರಿ."

"ಹಂಗಾದ್ರ ಒಟ್ಟ ಹೊಲ ಎಷ್ಟೈತಿ?"

ಅವಳು ನನ್ನ ಮುಖ ನೋಡಿದಳು. ಬಿಸಿಲಿಗೆ ನನಗೆ ಏನಾದರೂ ಆಯಿತೇ ಎಂದು ನೋಡಿದ ಹಾಗಿತ್ತು. "ಎರಡ ಎಕರೆ ಅಕ್ಕೋರ," ಅಂದಳು ಮೆಲ್ಲಗೆ.

ಬೇರೆ ಬೇರೆ ಭಾಗ ಮಾಡಿ ಯಾಕೆ ಹಾಕುವುದಿಲ್ಲ ಎಂದು ಕೇಳಿದೆ. "ಹಂಗ ಯಾರ ಹಾಕ್ತಾರ್ರಿ? ಅಷ್ಟ ಹೊಲ ನಮಗ ಎಲ್ಲೈತಿ? ಮೊದಲ ಉಳ್ಳಾಗಡ್ಡಿ ಬರ್ತೈತಿ. ಅದನ್ನ ಕಿತ್ತರ ಮೆಣಸಿನ ಗಿಡಕ್ಕ ಉಸರಾಡಾಕ ಜಾಗ ಆಗ್ತೈತಿ. ಅದು ಸಂಕ್ರಾಂತಿ ಮಟಾ ಕಾಯಿ ಕೊಡ್ತೈತಿ. ಅದು ಮುಗಿಯೂದ್ರಾಗ ಹತ್ತಿ ಒಡೀತೈತಿ. ಒಂದ ಕೈ ಬಿಟ್ರ ಇನ್ನೊಂದ ಕೈ ಹಿಡೀತೈತ್ರಿ." ಸುತ್ತ ನೋಡಿದೆ. ಆಚೆ ಹೊಲದಲ್ಲೂ ಹಾಗೇ, ಅದರಾಚೆಯದರಲ್ಲೂ ಹಾಗೇ. ಇಡೀ ಮಳೆಗಾಲ ಇದರ ನಡುವೆಯೇ ನಡೆದು ಬಂದವಳು ನಾನು.

ಹುಡುಗಿ ದೂರದಲ್ಲಿ ಎದ್ದು ನಿಂತಿದ್ದಳು, ಎರಡೂ ಕೈಯಲ್ಲಿ ಉಳ್ಳಾಗಡ್ಡಿ ಹಿಡಿದುಕೊಂಡು. "ಟೀಚರ, ನಾಳಿ ಬರ್ತೀನ್ರಿ," ಎಂದು ಅಲ್ಲಿಂದಲೇ ಕೂಗಿದಳು. ಹೆದರಿದ್ದಳು.

ತಾಯಿಗೆ ಅಲ್ಲೇ ಹೇಳಿದೆ, "ನಾ ಅವತ್ತ ಹೇಳಿದ್ದು ತಪ್ಪಾತ್ರಿ. ಆಕಿಗೆ ಲೆಕ್ಕ ಬರ್ತೈತಿ."

ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. "ಅವತ್ತ ಹತ್ತಂಗಿಲ್ಲ ಅಂದ್ರಿ, ಇವತ್ತ ಬರ್ತೈತಿ ಅಂತೀರಿ. ಇವರಪ್ಪಗ ನಾ ಯಾವ ಮಾತ ಹೇಳಲೆವ್ವಾ? ಪರೀಕ್ಷಾ ಬರ್ತೈತೆಲ್ರಿ, ಅದರಾಗ ಏನಾಗ್ತೈತಿ ನೋಡೂಣು."

ಅವಳ ಮಾತಿನಲ್ಲಿ ತಪ್ಪೇನಿತ್ತು? ವಾಪಸು ಬರುವ ದಾರಿಯಲ್ಲಿ ನನಗೆ ಇನ್ನೊಂದು ಭಯ ಹತ್ತಿಕೊಂಡಿತು. ಹುಡುಗಿ ಹೊಲದ ವಿಷಯದಲ್ಲಿ ಸರಿ, ಒಪ್ಪಿದೆ. ಆದರೆ ಪರೀಕ್ಷೆಯಲ್ಲಿ "ಇಡೀ ಹೊಲ" ಎಂದು ಬರೆದರೆ ಯಾವ ದೇವರು ಬಂದರೂ ಅಂಕ ಕೊಡಿಸಲಾರ. ಅರ್ಧ ಮತ್ತು ಮೂರನೇ ಒಂದು ಕೂಡಿದರೆ ಆರನೇ ಐದು, ಅದೂ ಸುಳ್ಳಲ್ಲ. ಹಾಗಾದರೆ ಅವಳಿಗೆ ನಾನು ಏನು ಹೇಳಬೇಕು? ನಿನ್ನ ಹೊಲ ಸರಿ, ಆದರೂ ಅದನ್ನು ಮರೆ ಅನ್ನಲೇ? ಮರೆಯದೆ ಗೆರೆ ಎಳಿ ಅನ್ನಲೇ? ಯಾವುದನ್ನು ಹಿಡಿದರೂ ಇನ್ನೊಂದು ಕೈ ಜಾರುತ್ತಿತ್ತು.

ನನಗೆ ಗೊತ್ತಿರುವ ಮದ್ದು ಒಂದೇ, ಚಿತ್ರ. ಕುಂದಗೋಳದ ಅಂಗಡಿಯಿಂದ ಟ್ರೇಸಿಂಗ್ ಪೇಪರ್ ತಂದೆ. ಒಂದೇ ಅಳತೆಯ ಮೂರು ಹೊಲ ಬರೆದೆ. ಒಂದರಲ್ಲಿ ಬರೀ ಉಳ್ಳಾಗಡ್ಡಿ, ಒಂದರಲ್ಲಿ ಬರೀ ಮೆಣಸಿನ ಗಿಡ, ಒಂದರಲ್ಲಿ ಬರೀ ಹತ್ತಿ. ಒಂದರ ಮೇಲೊಂದು ಇಟ್ಟರೆ ಮೂರೂ ಸೇರಿ ಅವರ ಹೊಲ. ಒಂದೊಂದೇ ತೆಗೆದರೆ ಮೊದಲು ಉಳ್ಳಾಗಡ್ಡಿ ಹೋಗುತ್ತದೆ, ಆಮೇಲೆ ಮೆಣಸಿನ ಗಿಡ, ಕೊನೆಗೆ ಹತ್ತಿ ಉಳಿಯುತ್ತದೆ. ನಾನು ಮಾಡಿದ ಹಾಳೆಗಳಲ್ಲೆಲ್ಲ ಅದೇ ಚಂದದ್ದು. ತರಗತಿಯಲ್ಲಿ ತೋರಿಸಿದಾಗ ಮಕ್ಕಳು ಮೇಜಿನ ಮೇಲೆ ಬಿದ್ದು ನೋಡಿದರು. "ಹಾಂ! ಈಗ ಹೊಲ ಆತ ನೋಡ್ರಿ ಟೀಚರ!" ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತು, "ಟೀಚರ, ಇದು ಗಣಿತಾನೋ ಒಕ್ಕಲತನಾನೋ?" ಎಂದು ಕೇಳಿ ಹೋದರು.

"ಆದ್ರ ಪರೀಕ್ಷಾದಾಗ ಮಾತ್ರ ಗೆರಿ ಹಾಕಿ ಭಾಗ ಮಾಡ್ರಿ," ಅಂದೆ ಮಕ್ಕಳಿಗೆ.

"ಯಾಕ್ರಿ?"

"ಪ್ರಶ್ನಿ ತಗದವರು ನಿಮ್ಮೂರ ಹೊಲ ನೋಡಿಲ್ಲ, ಅದಕ್ಕ." ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಅದು ಉತ್ತರವಲ್ಲ ಎಂದು ನನಗೇ ಗೊತ್ತಿತ್ತು. ಕಿಟಕಿಯ ಬಾಜು ಕೂತಿದ್ದವಳು ನಗಲಿಲ್ಲ. ಟ್ರೇಸಿಂಗ್ ಪೇಪರನ್ನು ಮುಟ್ಟಿ ನೋಡಲೂ ಬರಲಿಲ್ಲ. ಸಿಟ್ಟಾಗಿದ್ದಾಳೋ, ಹೆದರಿದ್ದಾಳೋ, ಬೇಜಾರೋ, ಒಂದೂ ತಿಳಿಯಲಿಲ್ಲ. ಕೇಳೋಣವೆಂದರೆ ನನಗೇ ಮುಖವಿರಲಿಲ್ಲ.

ದಸರಾ ರಜೆಗೆ ಮುಂಚೆ ಪರೀಕ್ಷೆ ಆಯಿತು. ಪ್ರಶ್ನೆಪತ್ರಿಕೆ ಹೊರಗಿನಿಂದ ಬಂದದ್ದು. ತೆರೆದು ನೋಡಿದರೆ ಆರನೆಯ ಪ್ರಶ್ನೆಯೇ ಹೊಲದ್ದು: ರೈತನೊಬ್ಬ ತನ್ನ ಜಮೀನಿನ ಐದನೇ ಎರಡು ಭಾಗದಲ್ಲಿ ಜೋಳ, ಮೂರನೇ ಒಂದು ಭಾಗದಲ್ಲಿ ಕಡಲೆ, ಉಳಿದುದರಲ್ಲಿ ಗೋಧಿ ಬಿತ್ತಿದ್ದಾನೆ, ಗೋಧಿ ಎಷ್ಟು ಭಾಗ? ಮಕ್ಕಳು ಬರೆಯುವಾಗ ನಾನು ಕಿಟಕಿಯ ಕಡೆ ಹೋಗಲೇ ಇಲ್ಲ.

ಉತ್ತರಪತ್ರಿಕೆ ತಿದ್ದಲು ಕೂತಾಗ ಆದದ್ದು ಎತ್ತು ಏರಿಗೆ, ಕೋಣ ನೀರಿಗೆ. ಹಿಂದೆ ಗೆರೆ ಎಳೆದು ಸರಿ ಮಾಡುತ್ತಿದ್ದವರೇ ಹದಿನಾಲ್ಕು ಮಂದಿ ಈಗ "ಇಡೀ ಹೊಲ" ಎಂದು ಬರೆದಿದ್ದರು. ನನ್ನ ಟ್ರೇಸಿಂಗ್ ಪೇಪರಿನ ಪ್ರತಾಪ. ಒಬ್ಬಳಂತೂ "ಜೋಳದಾಗ ಕಡ್ಲಿ ಅಕ್ಕಡಿ ಹಾಕಬಹುದು" ಎಂದು ಸಲಹೆಯನ್ನೂ ಬರೆದಿದ್ದಳು, ಸಾಲಿನ ನಡುವೆ ಸಾಲು ಬಿತ್ತುವುದಕ್ಕೆ ಅಲ್ಲಿ ಅಕ್ಕಡಿ ಅನ್ನುತ್ತಾರೆ. ತಪ್ಪು ಹಾಕಲು ಪೆನ್ನು ಎತ್ತಿ, ಹಾಕದೆ, ಕೊನೆಗೆ ಹಾಕಿ, ನಾನು ಯಾರಿಗೆ ತಪ್ಪು ಹಾಕುತ್ತಿದ್ದೇನೆ ಅನ್ನುವುದೇ ತಿಳಿಯದಂತಾಯಿತು.

ಅವಳ ಪತ್ರಿಕೆ ಕೆಳಗಿತ್ತು. ಪುಟದ ಅಂಚಿನಲ್ಲಿ ಒಂದು ಹೊಲ, ಪಟ್ಟಿ ಇಟ್ಟು ಒತ್ತಿ ಎಳೆದ ಗೆರೆಗಳು, ಹದಿನೈದು ಮನೆ. ಆರರಲ್ಲಿ ಜೋ, ಐದರಲ್ಲಿ ಕ, ನಾಲ್ಕರಲ್ಲಿ ಗೋ. ಉತ್ತರ: ಹದಿನೈದನೇ ನಾಲ್ಕು. ಎಲ್ಲೂ ಒಂದು ತೆನೆ ಇಲ್ಲ, ಎಲೆ ಇಲ್ಲ. ಪೂರ್ತಿ ಅಂಕ ಕೊಟ್ಟೆ. ಒಟ್ಟಿನಲ್ಲೂ ತರಗತಿಗೆ ಅವಳೇ ಮೊದಲು. ಖುಷಿಯಿಂದ ಕುಣಿಯಬೇಕಿತ್ತು, ಕುಣಿಯಲು ಆಗಲಿಲ್ಲ. ತಿಳಿದು ಮಾಡಿದಳೋ, ಟೀಚರಿಗೆ ಇದೇ ಬೇಕು ಎಂದು ಮಾಡಿದಳೋ?

ರಜೆಯ ಹಿಂದಿನ ದಿನ ಸಂಜೆ ಪತ್ರಿಕೆ ಹಿಡಿದುಕೊಂಡು ಅವರ ಮನೆಗೆ ಹೋದೆ. ತಾಯಿ ಕಟ್ಟೆಯ ಮೇಲೆ ಕೂತು ಉಳ್ಳಾಗಡ್ಡಿಯ ಒಣ ಎಲೆ ಕೊಯ್ದು ಹಾಕುತ್ತಿದ್ದಳು. ಹುಡುಗಿ ಆರಿಸಿ ಚೀಲಕ್ಕೆ ತುಂಬುತ್ತಿದ್ದಳು. ಅಂಕ ತೋರಿಸಿದೆ. ತಾಯಿ ಪತ್ರಿಕೆಯನ್ನು ಬೆಳಕಿಗೆ ಹಿಡಿದು ಕೆಂಪು ಗುರುತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು.

"ಇವೆಲ್ಲಾ ಸರಿ ಅದಾವೇನ್ರಿ?"

"ಎಲ್ಲಾ ಸರಿ ಅದಾವ್ರಿ. ಮೊದಲಿಂದನೂ ಆಕಿಗೆ ಬರ್ತಿತ್ತು. ತಿಳೀದಾಕಿ ನಾನು."

"ಇವರಪ್ಪಗ ಹೇಳ್ತೀನ್ರಿ. ಕಳಸ್ತಾನ ತಗೋರಿ, ಇಷ್ಟ ಬಂದ ಮ್ಯಾಲ ಇಲ್ಲ ಅನ್ನಂಗಿಲ್ಲ," ಅಂದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವಳು ಪತ್ರಿಕೆಯನ್ನು ಮಡಚುತ್ತ ಮಾತು ಮುಂದುವರಿಸಿದಳು. "ಅವತ್ತ ಸಾಲ್ಯಾಗ ನೀವ ನನಗ ಅಂದದ್ದು ಈಕೀನೂ ಕೇಳ್ಯಾಳ್ರಿ. ಬಾಗಲ ಹಿಂದ ನಿಂತಿದ್ಲಂತ. ಅವತ್ತಿಂದ ಚಿತ್ರಾ ಬರಿಯೂದ ಬಿಟ್ಟಾಳ. ಮನಿಗೆ ಬಂದ ಬರೇ ಗೆರಿ ಹೊಡೀತಾ ಕೂಡ್ತಾಳ."

ಇಳಿದ ಕಲ್ಲು ಮತ್ತೆ ಏರಿತು. ಹುಡುಗಿ ತಲೆ ಎತ್ತದೆ ಗಡ್ಡೆ ಆರಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕೂತೆ.

"ನಿಮ್ಮ ಹೊಲದಾಗ ಮೂರೂ ಬೆಳಿ ಕೂಡೇ ಇರ್ತಾವಂತ ನನಗ ಅವತ್ತ ಯಾಕ ಹೇಳಲಿಲ್ಲವಾ?"

ಅವಳು ಆರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ನಾನು ಇಷ್ಟು ಸಣ್ಣದನ್ನು ಯಾಕೆ ಕೇಳುತ್ತಿದ್ದೇನೆ ಎಂದು ನಿಜವಾಗಿಯೂ ಅವಳಿಗೆ ಅರ್ಥವಾಗಿರಲಿಲ್ಲ.

"ಹೇಳಿದ್ನೆಲ್ರೀ ಟೀಚರ," ಅಂದಳು. "ನಾಕ ಸಲ ಬರದು ಕೊಟ್ಟಿದ್ನಿ."